ಟೂ ಸ್ಟ್ರೋಕ್ ಆಫ್‌ರೋಡ್ ಬೈಕ್: ನಮ್ಮ ಕರಾವಳಿಯಲ್ಲಿ ಯಾರಿಗೆ ಯಾವುದು?

ಟೂ ಸ್ಟ್ರೋಕ್ ಗಾಡಿಯನ್ನು ಮಣ್ಣಿಗೆ ಇಳಿಸಬೇಕು ಎಂಬ ಆಸೆ ಇರುವವರು ಮಂಗಳೂರು, ಉಡುಪಿ ಕಡೆ ಬೇಕಾದಷ್ಟು ಇದ್ದಾರೆ. ಆದರೆ ಶೋರೂಮಿಗೆ ಹೋಗಿ ನಂಬರ್ ಪ್ಲೇಟ್ ಹಾಕಿಸಿಕೊಂಡು ಹೊಸ ಟೂ ಸ್ಟ್ರೋಕ್ ಬೈಕ್ ತರುವ ಕಾಲ ಮುಗಿದು ಎಷ್ಟೋ ವರ್ಷ ಆಯಿತು. ಈಗ ಉಳಿದಿರುವ ದಾರಿ ನಾಲ್ಕು. ಆರ್‌ಎಕ್ಸ್, ಶೋಗನ್, ಯೆಜ್ಡಿಯಂಥ ಹಳೆಯ ರೋಡ್ ಗಾಡಿಗೆ ಬಟನ್ ಟಯರ್ (ಮಣ್ಣು ಕಚ್ಚಲು ಉಬ್ಬು ಉಬ್ಬಾದ ಗುಬಟು ಇರುವ ಟಯರ್) ಹಾಕಿ ಓಡಿಸುವುದು ಒಂದು. ಹೊರದೇಶದಿಂದ ಬಂದ 250 ಅಥವಾ 300 ಸಿಸಿ ಎಂಡ್ಯೂರೋ (ಕಾಡು, ಕಲ್ಲಿನ ದಾರಿಗೆ ಮಾಡಿದ) ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವುದು ಇನ್ನೊಂದು. ಕವಾಸಾಕಿ, ಕೆಟಿಎಂ ನಮ್ಮಲ್ಲಿ ಮಾರುವ ಸಣ್ಣ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸಿಗೆ ಮಾಡಿದ) ಗಾಡಿ ಮೂರನೆಯದು. ನಾಲ್ಕನೆಯದು, ಟೂ ಸ್ಟ್ರೋಕ್ ಆಸೆಯನ್ನು ಪಕ್ಕಕ್ಕಿಟ್ಟು ಎಕ್ಸ್‌ಪಲ್ಸ್ ಅಥವಾ ಕೆಎಲ್‌ಎಕ್ಸ್‌ನಂಥ ಫೋರ್ ಸ್ಟ್ರೋಕ್ ತಗೊಳ್ಳುವುದು.

ಈ ನಾಲ್ಕರಲ್ಲಿ ಆರಿಸುವಾಗ ಎಲ್ಲರೂ ಸಿಸಿ, ಪಿಕಪ್, ಸೌಂಡ್ ಎಂದು ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ನೀವು ಓಡಿಸುವ ಜಾಗ ಯಾರದು? ಅಲ್ಲಿಗೆ ಗಾಡಿ ಹೇಗೆ ಹೋಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಗಾಡಿಯ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲು ಜಾಗ, ಆಮೇಲೆ ಗಾಡಿ

ನಮ್ಮಲ್ಲಿ ಖಾಲಿ ಕಾಣುವ ಜಾಗ ಜಾಸ್ತಿ. ಪದವು, ಗುಡ್ಡೆ, ಕೆಲಸ ನಿಂತ ಕೆಂಪುಕಲ್ಲಿನ ಕೋರೆ, ರಬ್ಬರ್ ತೋಟ, ಬೇಸಿಗೆಯ ಗದ್ದೆ, ಉದ್ದಕ್ಕೂ ಕಡಲ ತೀರ. ಆದರೆ ಖಾಲಿ ಕಂಡದ್ದೆಲ್ಲ ಓಡಿಸುವ ಜಾಗ ಅಲ್ಲ.

ಕಡಲ ತೀರವನ್ನು ಮೊದಲೇ ಬಿಟ್ಟುಬಿಡಿ. ಸಸಿಹಿತ್ಲು, ಕುಂದಾಪುರದ ಕೋಡಿ ಕಡೆಯೆಲ್ಲ ಆಲಿವ್ ರಿಡ್ಲೆ ಆಮೆಗಳು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಬಟನ್ ಟಯರಿನ ಒಂದು ಸುತ್ತು ಸಾಕು, ಗೂಡು ಹಾಳಾಗಲು. ಮೀನುಗಾರರ ಬಲೆ, ದೋಣಿ, ಆಡುವ ಮಕ್ಕಳು ಇರುವುದೂ ಅಲ್ಲೇ. ಹೆಬ್ರಿಯಿಂದ ಮೇಲಕ್ಕೆ ಸೋಮೇಶ್ವರ ವನ್ಯಧಾಮ, ಆಚೆಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಡಾಂಬರು ಬಿಟ್ಟು ಕಾಡಿನ ದಾರಿಗೆ ಗಾಡಿ ಇಳಿಸಿದರೆ ಅರಣ್ಯ ಇಲಾಖೆಯ ಕೇಸು ಆಗುತ್ತದೆ. ಆಗಲೇಬೇಕು ಕೂಡ.

ಉಳಿಯುವುದು ಖಾಸಗಿ ಜಾಗ. ಸ್ವಂತದ್ದು, ನೆಂಟರದ್ದು, ಪರಿಚಯದವರದ್ದು. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳ ಮೆಟ್ಟಿಲುಮೆಟ್ಟಿಲು ಇಳಿಜಾರು ಕಲಿಯಲು ತುಂಬ ಒಳ್ಳೆಯದು. ನೆರಳು ಇರುತ್ತದೆ, ಏರು ಇಳಿತ ಸಿಗುತ್ತದೆ. ಧಣಿಗಳನ್ನು ಕೇಳಿಯೇ ಹೋಗಿ. ರಬ್ಬರ್ ಟ್ಯಾಪಿಂಗ್ ನಡೆಯುವ ಹೊತ್ತಿಗೆ ಹೋಗಬೇಡಿ. ಅಡಿಕೆ ತೋಟ ಮಾತ್ರ ಬೇಡ. ಕಣಿಯ ಅಂಚು ಒಮ್ಮೆ ಕುಸಿದರೆ ನೀರಿನ ದಾರಿಯೇ ತಪ್ಪುತ್ತದೆ.

ಇನ್ನು ಕಾನೂನು. ಮೋಟೋಕ್ರಾಸ್, ಎಂಡ್ಯೂರೋ ಗಾಡಿಗಳಿಗೆ ನಮ್ಮಲ್ಲಿ ರಿಜಿಸ್ಟ್ರೇಷನ್ ಆಗುವುದಿಲ್ಲ. ನಂಬರ್ ಪ್ಲೇಟ್ ಇಲ್ಲದ ಗಾಡಿ ಮನೆಯ ಗೇಟು ದಾಟಿ ಪಂಚಾಯತ್ ರಸ್ತೆಗೆ ಇಳಿಯುವ ಹಾಗಿಲ್ಲ. "ಬರೀ 200 ಮೀಟರ್ ಅಲ್ವಾ" ಎನ್ನುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಗೆ ಆ 200 ಮೀಟರೂ ರಸ್ತೆಯೇ. ಜನ ಓಡಾಡಲು ಹಕ್ಕಿರುವ ಜಾಗವೆಲ್ಲ ಅದರ ಲೆಕ್ಕಕ್ಕೆ ಸಾರ್ವಜನಿಕ ಸ್ಥಳ. ಅಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಇಲ್ಲ, ಪೂರ್ತಿ ಹೊಣೆ ನಿಮ್ಮದೇ. ಹಾಗಾಗಿ ಇಂಥ ಗಾಡಿ ತಗೊಂಡರೆ ಅದರ ಜೊತೆಗೆ ಪಿಕಪ್ ಗಾಡಿಯ ಬಾಡಿಗೆಯನ್ನೂ ಪ್ರತಿ ಸಲ ಲೆಕ್ಕ ಹಾಕಿಕೊಳ್ಳಬೇಕು. ನಾಲ್ಕರಲ್ಲಿ ಎರಡು ದಾರಿ, ಅಂದರೆ ವಿದೇಶಿ ಎಂಡ್ಯೂರೋ ಮತ್ತು ಸಣ್ಣ ಮೋಟೋಕ್ರಾಸ್, ಸ್ವಂತ ಜಾಗ ಇಲ್ಲದವರಿಗೆ ಇಲ್ಲಿಗೇ ಮುಗಿಯುತ್ತವೆ.

ಟೂ ಸ್ಟ್ರೋಕ್ ಯಾಕೆ ಬೇಕು ಅನಿಸುತ್ತದೆ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಬೆಂಕಿ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಬೆಂಕಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹಾಗಾಗಿ ಅಷ್ಟೇ ಶಕ್ತಿಗೆ ಎಂಜಿನ್ ಸಣ್ಣದು, ಹಗುರ. ನಮ್ಮ ನೆಲದಲ್ಲಿ ಈ ಹಗುರವೇ ದೊಡ್ಡ ಮಾತು.

ಯಾಕೆಂದರೆ ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಮೇಲೆ ಸಣ್ಣ ಸಣ್ಣ ಉರುಟು ಜಲ್ಲಿ, ಕೆಳಗೆ ಗಟ್ಟಿ ಪಾದೆ. ಟಯರ್ ಜಲ್ಲಿಯ ಮೇಲೆ ಉರುಳುತ್ತದೆ, ನೆಲವನ್ನು ಕಚ್ಚುವುದಿಲ್ಲ. ಮಳೆಗಾಲದಲ್ಲಿ ಅದೇ ಪಾದೆಯ ಮೇಲೆ ಹಾವಸೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಲ್ಲಿ ಜೂನ್ ಕಳೆದ ಮೇಲೆ ಒಣಗಿದ ಕಲ್ಲು ಸಿಗುವುದೇ ಇಲ್ಲ. ಇಂಥ ಕಡೆ ಬೀಳುವುದು ಗ್ಯಾರಂಟಿ. ಬಿದ್ದ ಗಾಡಿಯನ್ನು ಎತ್ತುವುದೇ ಆಫ್‌ರೋಡಿನ ನಿಜವಾದ ಕೆಲಸ. ಸುಮಾರು 105 ಕಿಲೋದ ಗಾಡಿಯನ್ನು ತೋಡಿನಿಂದ ಒಬ್ಬರೇ ಹೇಗೋ ಎಳೆದು ಹಾಕಬಹುದು. 160 ಕಿಲೋದ್ದಕ್ಕೆ ಜೊತೆಗಾರ ಬೇಕು. ಸೆಖೆಯಲ್ಲಿ ನಾಲ್ಕು ಸಲ ಎತ್ತಿದ ಮೇಲೆ ಐದನೇ ಸಲಕ್ಕೆ ಕೈ ನಡುಗುತ್ತದೆ. ಆಗಲೇ ಪೆಟ್ಟಾಗುವುದು.

ನೀರಿನ ವಿಷಯದಲ್ಲೂ ಟೂ ಸ್ಟ್ರೋಕ್ ಸರಳ. ತೋಡಿನಲ್ಲಿ ಮಗುಚಿ ಎಂಜಿನ್ನಿಗೆ ನೀರು ಹೋಯಿತು ಅಂತಿಟ್ಟುಕೊಳ್ಳಿ. ಪ್ಲಗ್ ಬಿಚ್ಚಿ, ಗಾಡಿಯನ್ನು ತಲೆಕೆಳಗೆ ಮಾಡಿ, ಹತ್ತಾರು ಸಲ ಕಿಕ್ ಹೊಡೆದರೆ ನೀರು ಹೊರಗೆ. ಏರ್ ಫಿಲ್ಟರ್ ಹಿಂಡಿ, ಕಾರ್ಬೊರೇಟರಿನ ಬೌಲ್ ಖಾಲಿ ಮಾಡಿ, ಪ್ಲಗ್ ಒರೆಸಿದರೆ ಹೆಚ್ಚಿನ ಸಲ ಅಲ್ಲೇ ಸ್ಟಾರ್ಟ್ ಆಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ನೀರು ಎಂಜಿನ್ ಆಯಿಲ್‌ಗೆ ಸೇರಿದರೆ ಆಯಿಲ್ ಬದಲಿಸದೆ ಓಡಿಸುವ ಹಾಗಿಲ್ಲ.

ಇದರ ಜೊತೆಗೆ ಕೊರತೆಯನ್ನೂ ಹೇಳಬೇಕು. ಟೂ ಸ್ಟ್ರೋಕಿಗೆ ಎಂಜಿನ್ ಬ್ರೇಕಿಂಗ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಗಾಡಿ ಹಾಗೇ ಜಾರಿಕೊಂಡು ಹೋಗುತ್ತದೆ. ಒದ್ದೆ ಇಳಿಜಾರಿನಲ್ಲಿ ಇದು ಅಭ್ಯಾಸ ಇರುವವರಿಗೆ ಅನುಕೂಲ, ಏಕೆಂದರೆ ಹಿಂದಿನ ಚಕ್ರ ತಾನಾಗಿ ಲಾಕ್ ಆಗುವುದಿಲ್ಲ. ಹೊಸಬರಿಗೆ ಭಯ. ಸಣ್ಣ ಸಿಸಿಯ ಟೂ ಸ್ಟ್ರೋಕ್ ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ, ಸಪ್ಪೆ, ಮೇಲೆ ಹೋದ ಕೂಡಲೇ ಒಮ್ಮೆಲೇ ಎಳೆಯುತ್ತದೆ. ಹಾವಸೆ ಕಲ್ಲಿನ ಮೇಲೆ ಆ ಎಳೆತ ಬಂದರೆ ಹಿಂದಿನ ಚಕ್ರ ಪಕ್ಕಕ್ಕೆ ಓಡುತ್ತದೆ. ಕ್ಲಚ್ ಮೇಲೆ ಒಂದು ಬೆರಳು ಸದಾ ಇರಬೇಕು.

ಆರ್‌ಎಕ್ಸ್, ಶೋಗನ್, ಯೆಜ್ಡಿ

ಹೆಚ್ಚಿನವರ ಆಸೆ ಇಲ್ಲಿಂದಲೇ ಶುರು. ಯಮಹಾ ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ಬಂತು. 98 ಸಿಸಿ, 11 ಬಿಎಚ್‌ಪಿ, ತೂಕ 100 ಕಿಲೋದ ಆಸುಪಾಸು. ಅದರ ನಂತರದ್ದು 132 ಸಿಸಿಯ ಆರ್‌ಎಕ್ಸ್ 135. ಟಿವಿಎಸ್ ಸುಜುಕಿಯ ಶೋಗನ್ 108 ಸಿಸಿಯಲ್ಲೇ 14 ಬಿಎಚ್‌ಪಿ ಕೊಡುತ್ತಿತ್ತು. ಯೆಜ್ಡಿ ನಮ್ಮ ಮೈಸೂರಿನದ್ದೇ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ 250 ಸಿಸಿಯ ಟೂ ಸ್ಟ್ರೋಕ್ ಗಾಡಿಗಳು ಅಲ್ಲಿಂದ ಬಂದವು. ಈಗ ಅದೇ ಹೆಸರಿನಲ್ಲಿ ಶೋರೂಮಿನಲ್ಲಿ ಇರುವುದೆಲ್ಲ ಫೋರ್ ಸ್ಟ್ರೋಕ್, ಗೊಂದಲ ಬೇಡ.

ಇವುಗಳ ದೊಡ್ಡ ಲಾಭ ಆರ್‌ಸಿ. ಕೆಎ-19 ಅಥವಾ ಕೆಎ-20 ನಂಬರ್ ಇರುವ, ಕಾಗದ ಸರಿ ಇರುವ ಆರ್‌ಎಕ್ಸ್ ಇದ್ದರೆ ಮನೆಯಿಂದ ಓಡಿಸಿಕೊಂಡೇ ತೋಟಕ್ಕೆ ಹೋಗಿ, ಓಡಿಸಿಕೊಂಡೇ ವಾಪಸ್ ಬರಬಹುದು. ಪಿಕಪ್ ಬಾಡಿಗೆ ಇಲ್ಲ. ಇನ್ನೊಂದು ಲಾಭ ರಿಪೇರಿ. ಇವುಗಳ ಸಿಲಿಂಡರಿನಲ್ಲಿ ಬೀಡಿನ (ಎರಕದ ಕಬ್ಬಿಣದ) ಲೈನರ್ ಇರುತ್ತದೆ. ಪಿಸ್ಟನ್ ಸವೆದರೆ ಲೇತಿಗೆ ಕೊಟ್ಟು ರೀಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗನ್ನು ಸ್ವಲ್ಪ ಕೊರೆಸಿ, 0.25, 0.50 ಮಿಲಿಮೀಟರ್ ಹೀಗೆ ಒಂದೊಂದು ಸೈಜ್ ಮೇಲಿನ ಪಿಸ್ಟನ್ ಹಾಕಬಹುದು. ಆರ್‌ಎಕ್ಸ್ ಬಿಚ್ಚಿ ಕೂಡಿಸಬಲ್ಲ ಹಳೆಯ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರ ಪರಿಚಯ ಮಾಡಿಕೊಂಡು ಆಮೇಲೆ ಗಾಡಿ ಹುಡುಕಿ.

ಆದರೆ ಇದು ಆಫ್‌ರೋಡ್ ಗಾಡಿ ಅಲ್ಲ ಎನ್ನುವುದನ್ನು ಮರೆಯಬಾರದು. ಎರಡೂ ಕಡೆ 18 ಇಂಚಿನ ಸಪೂರ ಚಕ್ರ, ಕಡಿಮೆ ಆಡುವ ಸಸ್ಪೆನ್ಷನ್, ತಗ್ಗಿನ ಹೊಟ್ಟೆ. ಮುರಕಲ್ಲಿನ ಮೆಟ್ಟಿಲು ಹತ್ತುವಾಗ ಸೈಲೆನ್ಸರ್, ಫುಟ್‌ರೆಸ್ಟ್ ಕಲ್ಲಿಗೆ ಹೊಡೆಯುತ್ತವೆ. ಡ್ರಮ್ ಬ್ರೇಕಿಗೆ ನೀರು ಹೋದರೆ ಸ್ವಲ್ಪ ಹೊತ್ತು ಬ್ರೇಕೇ ಇಲ್ಲ. ಡರ್ಟ್ ಟ್ರ್ಯಾಕ್ ರೇಸುಗಳಲ್ಲಿ ಶೋಗನ್, ಆರ್‌ಎಕ್ಸ್ ವರ್ಷಗಟ್ಟಲೆ ಓಡಿವೆ, ನಿಜ. ಆದರೆ ಅವು ರೇಸಿಗೆಂದೇ ತಯಾರು ಮಾಡಿದ ಗಾಡಿಗಳು, ಓಡುತ್ತಿದ್ದದ್ದು ಮಟ್ಟ ಮಾಡಿದ ಟ್ರ್ಯಾಕಿನಲ್ಲಿ.

ಹಾಗಾಗಿ ಆರ್‌ಎಕ್ಸ್‌ಗೆ ನಾನು ಹೇಳುವುದು ಕಡಿಮೆ ಕೆಲಸ. ಬಟನ್ ಟಯರ್, ಸ್ವಲ್ಪ ಅಗಲದ ಹ್ಯಾಂಡಲ್, ಎಂಜಿನ್ ಕೆಳಗೆ ಒಂದು ದಪ್ಪ ತಗಡು, ಹಿಂದೆ ಎರಡು ಹಲ್ಲು ಜಾಸ್ತಿ ಇರುವ ಸ್ಪ್ರಾಕೆಟ್. ಅಷ್ಟೇ. ಚಾಸಿ ಕತ್ತರಿಸುವುದು, ಬೇರೆ ಗಾಡಿಯ ಫೋರ್ಕ್ ತೂರಿಸುವುದು, ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕುವುದು ಬೇಡ. ಕಂಪನಿ ಕೊಟ್ಟ ರೂಪವನ್ನು ಹಾಗೆ ಬದಲಿಸುವುದು ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ. ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತದೆ. ಅದಕ್ಕಿಂತ ದೊಡ್ಡ ಮಾತು, ಇರುವ ಒಳ್ಳೆಯ ಆರ್‌ಎಕ್ಸ್‌ಗಳು ಕಡಿಮೆ ಆಗುತ್ತಾ ಬಂದಿವೆ. ಲಕ್ಷದ ಮೇಲೆ ಕೇಳುವವರಿದ್ದಾರೆ. ಅಂಥದ್ದನ್ನು ಕಲ್ಲಿಗೆ ಹೊಡೆಯಲು ನನಗಂತೂ ಮನಸ್ಸು ಬರುವುದಿಲ್ಲ. ಹೊರಗಿನ ಚಂದ ಹೋಗಿರುವ, ಎಂಜಿನ್ ಸರಿ ಇರುವ ಆರ್‌ಎಕ್ಸ್ 135 ಸಿಕ್ಕಿದರೆ ಮಣ್ಣಿಗೆ ಅದೇ ಸರಿ. ಮಾಸಿದ ಟ್ಯಾಂಕಿನ ಚಿಂತೆ ಇರುವುದಿಲ್ಲ, ಕೆಳಗಿನ ಆರ್‌ಪಿಎಂನ ಎಳೆತವೂ ಆರ್‌ಎಕ್ಸ್ 100ಕ್ಕಿಂತ ಸ್ವಲ್ಪ ಜಾಸ್ತಿ.

ಯೆಜ್ಡಿ ಭಾರ. ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ, ಗುಂಡಿ ತಪ್ಪಿಸಿಕೊಂಡು ಹೋಗಲು ಅದರ ಕೆಳಗಿನ ಎಳೆತ ಬಹಳ ಚಂದ. ಕಲ್ಲು ಹತ್ತುವ ಕೆಲಸಕ್ಕೆ ಮಾತ್ರ ಬೇಡ.

ಖರ್ಚಿನ ಲೆಕ್ಕದಲ್ಲಿ ರಿಜಿಸ್ಟ್ರೇಷನ್ ನವೀಕರಣವನ್ನೂ ಸೇರಿಸಿ. 15 ವರ್ಷ ಆದ ಮೇಲೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ದ್ವಿಚಕ್ರಕ್ಕೆ ಈ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ 2,000 ಆಯಿತು. ಆರ್‌ಎಕ್ಸ್, ಯೆಜ್ಡಿ ಎಲ್ಲವೂ ಈ ಸಾಲಿಗೇ ಬರುತ್ತವೆ. ದೊಡ್ಡ ಮೊತ್ತ ಅಲ್ಲ, ಆದರೆ ಆರ್‌ಸಿ ಅವಧಿ ಮುಗಿದ ಗಾಡಿಯನ್ನು "ಆಮೇಲೆ ಮಾಡಿಸಿಕೊಳ್ಳಿ" ಎಂದು ಮಾರುವವರ ಹತ್ತಿರ ತಗೊಳ್ಳಬೇಡಿ. ಅವರೇ ಮಾಡಿಸಿ ಕೊಡಲಿ.

300 ಸಿಸಿಯ ಎಂಡ್ಯೂರೋ

ಓಡಿಸುವ ಸುಖದ ಮಾತಾದರೆ ನಾಲ್ಕರಲ್ಲಿ ಇದಕ್ಕೆ ಸಾಟಿ ಇಲ್ಲ. ಕೆಟಿಎಂ 300 ಇಎಕ್ಸ್‌ಸಿ, ಅದೇ ಮನೆತನದ ಹಸ್ಕ್‌ವಾರ್ನಾ ಟಿಇ 300, ಇಟಲಿಯ ಬೀಟಾ ಆರ್‌ಆರ್ 300. ಇವು ಕಾಡು, ಕಲ್ಲು, ಕೆಸರಿಗೆಂದೇ ಹುಟ್ಟಿದವು. ಕೆಟಿಎಂನದ್ದು 293 ಸಿಸಿ, ಪೆಟ್ರೋಲ್ ಇಲ್ಲದೆ ಸುಮಾರು 105 ಕಿಲೋ. ಅಂದರೆ ಆರ್‌ಎಕ್ಸ್ 100ರಷ್ಟೇ ಭಾರ, ಶಕ್ತಿ ಹಲವು ಪಟ್ಟು. ಆದರೂ ಸಣ್ಣ ಟೂ ಸ್ಟ್ರೋಕಿನ ಹಾಗೆ ಒಮ್ಮೆಲೇ ಹಾರುವುದಿಲ್ಲ. ಕೆಳಗಿನಿಂದಲೇ ಮೆತ್ತಗೆ ಎಳೆಯುತ್ತದೆ. ಎರಡನೇ ಗೇರಿನಲ್ಲಿ ನಡೆಯುವ ವೇಗದಲ್ಲಿ ಒದ್ದೆ ಪಾದೆ ಹತ್ತಬಹುದು. 2018ರ ಮಾಡೆಲ್‌ನಿಂದ ಕೆಟಿಎಂ ಇದಕ್ಕೆ ಫ್ಯುಯೆಲ್ ಇಂಜೆಕ್ಷನ್ ಕೊಟ್ಟಿತು. ಆಯಿಲ್ ಬೇರೆ ಟ್ಯಾಂಕಿನಿಂದ ತಾನೇ ಬೆರೆಯುತ್ತದೆ, ಕೈಯಲ್ಲಿ ಅಳೆಯಬೇಕಿಲ್ಲ.

ತೊಂದರೆ ಇರುವುದು ಮನೆಗೆ ತಂದ ಮೇಲೆ. 2024ರ ನವೆಂಬರಿನಲ್ಲಿ ಕೆಟಿಎಂ ಭಾರತದಲ್ಲಿ ಅಧಿಕೃತವಾಗಿ ಡರ್ಟ್ ಬೈಕ್ ಮಾರಲು ಶುರು ಮಾಡಿದಾಗ ದೊಡ್ಡವರಿಗೆ ಬಂದ ಎಂಡ್ಯೂರೋ 350 ಇಎಕ್ಸ್‌ಸಿ-ಎಫ್. ಅದು ಫೋರ್ ಸ್ಟ್ರೋಕ್, ಆಗಿನ ಬೆಲೆ 13 ಲಕ್ಷದ ಹತ್ತಿರ. 300 ಟೂ ಸ್ಟ್ರೋಕ್ ಬೇಕಾದರೆ ಯಾರೋ ಆಮದು ಮಾಡಿಸಿದ್ದನ್ನು ಹುಡುಕಬೇಕು. ಆಗ ಕೇಳಬೇಕಾದ ಮೊದಲ ಕಾಗದ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆ. ಅದರಲ್ಲಿನ ಚಾಸಿ ನಂಬರ್ ಗಾಡಿಯ ಮೇಲಿನದ್ದಕ್ಕೆ ಸರಿಹೊಂದಬೇಕು. ಆ ಕಾಗದ ಇಲ್ಲದ ಗಾಡಿ ಎಷ್ಟೇ ಕಡಿಮೆಗೆ ಬಂದರೂ ಬೇಡ.

ಸಿಲಿಂಡರಿನ ಒಳಗೆ ಬೀಡಿನ ಲೈನರ್ ಇಲ್ಲ, ನಿಕಾಸಿಲ್ ಎಂಬ ಗಟ್ಟಿ, ತೆಳು ಲೇಪನ ಇದೆ. ಊರಿನ ಲೇತಿನಲ್ಲಿ ರೀಬೋರ್ ಆಗುವುದಿಲ್ಲ. ಲೇಪನ ಎದ್ದರೆ ಹೊಸ ಸಿಲಿಂಡರ್ ತರಿಸಬೇಕು, ಇಲ್ಲ ದೂರದ ಊರಿಗೆ ಕಳಿಸಿ ಮತ್ತೆ ಲೇಪಿಸಿಕೊಂಡು ಬರಬೇಕು. ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್, ರೀಡ್ ಎಲ್ಲವೂ ಹೊರಗಿನಿಂದಲೇ. ಸರ್ವಿಸ್ ಲೆಕ್ಕ ಕಿಲೋಮೀಟರಿನದ್ದಲ್ಲ, ಗಂಟೆಯದ್ದು. ಒಂದು ಸೆಟ್ ಪಿಸ್ಟನ್, ಗ್ಯಾಸ್ಕೆಟ್ ಮನೆಯ ಕಪಾಟಿನಲ್ಲಿ ಸದಾ ಇರಬೇಕು. ಒಳ್ಳೆಯ ಮಾತು ಏನೆಂದರೆ, ಸಾಮಾನು ಕೈಯಲ್ಲಿದ್ದರೆ ಪಿಸ್ಟನ್ ಬದಲಿಸುವುದು ಒಂದು ಸಂಜೆಯ ಕೆಲಸ. ಟಾರ್ಕ್ ರೆಂಚ್ ಇಟ್ಟುಕೊಂಡು ತಾಳ್ಮೆಯಿಂದ ಮಾಡುವವರಿಗೆ ಕಷ್ಟವಿಲ್ಲ.

ಸ್ವಂತ ಗುಡ್ಡೆ, ಪಿಕಪ್ ಗಾಡಿ, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮನಸ್ಸು, ಸಾಮಾನಿಗೆ ಕಾಯುವ ತಾಳ್ಮೆ. ನಾಲ್ಕೂ ಇದ್ದವರು ತಗೊಳ್ಳಿ, ಖಂಡಿತ ತಗೊಳ್ಳಿ. ಮೂರೇ ಇದ್ದರೆ ಬೇಡ.

ಸಣ್ಣ ಮೋಟೋಕ್ರಾಸ್

ಕವಾಸಾಕಿಯ ಕೆಎಕ್ಸ್ 65 ಮತ್ತು ಕೆಎಕ್ಸ್ 112, ಕೆಟಿಎಂನ 50, 65, 85 ಎಸ್‌ಎಕ್ಸ್. ಶೋರೂಮಿನಿಂದ ಬಿಲ್ ಸಮೇತ ಬರುವ ಹೊಸ ಟೂ ಸ್ಟ್ರೋಕ್‌ಗಳು ಇಂಥವೇ. ಇವು ಮಕ್ಕಳಿಗೆ, ಹದಿಹರೆಯದವರಿಗೆ ಮಾಡಿದವು. ಕೆಎಕ್ಸ್ 112 ಸುಮಾರು 77 ಕಿಲೋ ಮಾತ್ರ, ಬೆಲೆ ಐದು ಲಕ್ಷದ ಹತ್ತಿರ. ಐದೂವರೆ ಅಡಿಯೊಳಗಿನ, ಹಗುರ ಮೈಯ ದೊಡ್ಡವರೂ ಓಡಿಸಬಹುದು. ಆದರೆ ಇದು ರೇಸ್ ಗಾಡಿ. ಎತ್ತರದ ಆರ್‌ಪಿಎಂನಲ್ಲೇ ಜೀವ. ತೋಟದ ದಾರಿಯಲ್ಲಿ ನಿಧಾನಕ್ಕೆ ಓಡಿಸಿದರೆ ಪ್ಲಗ್ ಕಟ್ಟಿಕೊಳ್ಳುತ್ತದೆ. ಮಗ, ಮಗಳನ್ನು ನಿಜಕ್ಕೂ ರೇಸಿಗೆ ತಯಾರು ಮಾಡುವವರಿಗೆ ಸರಿ. ಮಕ್ಕಳು ಇದನ್ನು ರಸ್ತೆಗೆ ತಂದರೆ ಶಿಕ್ಷೆ ಅಪ್ಪ ಅಮ್ಮನಿಗೆ. 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡದ ಜೊತೆ ಮೂರು ವರ್ಷದವರೆಗೆ ಜೈಲೂ ಆಗಬಹುದು.

ಎಕ್ಸ್‌ಪಲ್ಸ್ ಮತ್ತು ಕೆಎಲ್‌ಎಕ್ಸ್

ಟೂ ಸ್ಟ್ರೋಕ್ ಬಗ್ಗೆ ಬರೆಯುತ್ತಾ ಫೋರ್ ಸ್ಟ್ರೋಕ್ ಯಾಕೆ ಅಂದರೆ, ಹೆಚ್ಚಿನವರು ಕೊನೆಗೆ ತಗೊಳ್ಳಬೇಕಾದ್ದು ಇದನ್ನೇ. ಹೀರೋ ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ. 21 ಇಂಚಿನ ಮುಂದಿನ ಚಕ್ರ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಒಂದೂವರೆ ಲಕ್ಷದ ಆಸುಪಾಸಿನ ಬೆಲೆ. ಯಾವ ಪೇಟೆಗೆ ಹೋದರೂ ಹೀರೋ ಸಾಮಾನು ಸಿಗುತ್ತದೆ. ಆದರೆ ತೂಕ 160 ಕಿಲೋದ ಹತ್ತಿರ. ಕವಾಸಾಕಿ ಕೆಎಲ್‌ಎಕ್ಸ್ 230 ಅದಕ್ಕಿಂತ 20 ಕಿಲೋ ಕಡಿಮೆ, ಸುಮಾರು 139. ಕಲ್ಲು ಹತ್ತುವಾಗ ಆ 20 ಕಿಲೋ ಗೊತ್ತಾಗುತ್ತದೆ. ಸೀಟು 880 ಮಿಲಿಮೀಟರ್ ಎತ್ತರ, ಕಾಲು ಗಿಡ್ಡ ಇರುವವರು ಒಮ್ಮೆ ಕೂತು ನೋಡಿ.

ಮಣಿಪಾಲದಲ್ಲೋ ಮಂಗಳೂರಿನಲ್ಲೋ ಕೆಲಸ, ವಾರವಿಡೀ ಆಫೀಸಿಗೂ ಅದೇ ಗಾಡಿ, ಭಾನುವಾರ ಮಣ್ಣಿನ ದಾರಿ ಎನ್ನುವವರು ಇನ್ನೊಂದು ಯೋಚನೆ ಮಾಡಬೇಕಿಲ್ಲ. ಆಫ್‌ರೋಡ್ ಕಲಿಯಲು ಇದೇ ಒಳ್ಳೆಯ ಗುರು. ನಿಂತು ಓಡಿಸುವುದು, ಇಳಿಜಾರಿನಲ್ಲಿ ಹಿಂದಿನ ಬ್ರೇಕಿನ ಹದ, ಕ್ಲಚ್ಚಿನ ಹಿಡಿತ, ಎಲ್ಲವನ್ನೂ ಇದರಲ್ಲಿ ಕಲಿತವರು ಆಮೇಲೆ ಟೂ ಸ್ಟ್ರೋಕಿಗೆ ಹೋದರೆ ಬೇಗ ಹೊಂದಿಕೊಳ್ಳುತ್ತಾರೆ. ದುಡ್ಡು ಹಾಕುವ ಮೊದಲು ಶಾಲೆಗೆ ಹೋಗುವುದೂ ಒಳ್ಳೆಯದು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್ ಕಟ್ಟಿದರು. ಅಂಥ ಕಡೆ ಎರಡು ದಿನ ಮಣ್ಣು ತಿಂದು ಬಂದರೆ ನಿಮಗೆ ಏನು ಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಆಯಿಲ್, ಪೆಟ್ರೋಲ್, ಉಪ್ಪು ಗಾಳಿ

ಟೂ ಸ್ಟ್ರೋಕ್ ಸಾಕುವುದರಲ್ಲಿ ಅರ್ಧ ಕೆಲಸ ಇಲ್ಲಿದೆ. ಬಹಳಷ್ಟು ಆರ್‌ಎಕ್ಸ್‌ಗಳಲ್ಲಿ ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಬೆರೆಸಿ ಓಡಿಸುತ್ತಾರೆ. 40ಕ್ಕೆ 1 ಅಂದರೆ ಲೀಟರಿಗೆ 25 ಎಂಎಲ್, 50ಕ್ಕೆ 1 ಅಂದರೆ 20 ಎಂಎಲ್. ಕಂಪನಿ ಹೇಳಿದ ಅಳತೆಯನ್ನೇ ಹಿಡಿಯಿರಿ. ಅಂದಾಜಿಗೆ ಹೊಯ್ಯಬೇಡಿ, ಅಳೆಯುವ ಸಣ್ಣ ಲೋಟ ಇಟ್ಟುಕೊಳ್ಳಿ. ಆಯಿಲ್ ಡಬ್ಬಿಯ ಮೇಲೆ ಜಾಸೋ ಎಫ್‌ಡಿ (ಜಪಾನಿನ ಗುಣಮಟ್ಟದ ಗುರುತು) ಎಂದಿದ್ದರೆ ಹೊಗೆ ಕಡಿಮೆ, ಸೈಲೆನ್ಸರ್ ಕಟ್ಟುವುದೂ ಕಡಿಮೆ.

ಈಗ ಬಂಕಿನಲ್ಲಿ ಬರುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಹಳೆಯ ಗಾಡಿಗೆ ಇದು ಎರಡು ರೀತಿ ತೊಂದರೆ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಬರುವ ಸಣ್ಣ ತೂತು) ಮಿಶ್ರಣ ತೆಳುವಾಗುತ್ತದೆ. ತೆಳುವಾದರೆ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದರೆ ಪಿಸ್ಟನ್ ಸೀಝ್, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡಿ. ಕಾಫಿ ಪುಡಿಯ ಬಣ್ಣ ಸರಿ, ಬೆಳ್ಳಗಿದ್ದರೆ ಅಪಾಯ, ಕಪ್ಪಗೆ ಒದ್ದೆಯಿದ್ದರೆ ಜಾಸ್ತಿ ಆಯಿತು. ಇನ್ನೊಂದು, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಕ್ಯಾನಿನಲ್ಲಿ ಬೆರೆಸಿಟ್ಟ ಪೆಟ್ರೋಲ್ ವಾರಗಟ್ಟಲೆ ಇಡಬೇಡಿ. ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಹಳೆಯ ರಬ್ಬರ್ ಪೈಪ್, ಕಾರ್ಬೊರೇಟರಿನ ಓ-ರಿಂಗ್‌ಗಳನ್ನು ಒಮ್ಮೆ ಪೂರ್ತಿ ಬದಲಿಸಿಬಿಡಿ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಇನ್ನೂ ಎಚ್ಚರ ಇರಬೇಕು. ಟೂ ಸ್ಟ್ರೋಕಿನ ಕ್ರಾಂಕ್ ಬೇರಿಂಗ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಓಡುವಾಗ ಪೆಟ್ರೋಲ್ ಜೊತೆ ಬಂದ ಎಣ್ಣೆಯಷ್ಟೇ ಅದಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ನಿಂತರೆ ಒಳಗೇ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ. ಪ್ಲಗ್ ತೂತಿನಿಂದ ಒಂದು ಚಮಚ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬಿಟ್ಟು ಮೆಲ್ಲಗೆ ನಾಲ್ಕೈದು ಕಿಕ್ ಒತ್ತಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ತೇವದ ಜೊತೆಗೆ ಕುಂಬಾರ ಹುಳು ಮಣ್ಣಿನ ಗೂಡೂ ಕಟ್ಟಿಬಿಡುತ್ತದೆ. ತೀರದ ಹತ್ತಿರ ಮನೆ ಇರುವವರು ಸ್ಪೋಕ್, ಚೈನ್, ಟ್ಯಾಂಕಿನ ಒಳಭಾಗ ನೋಡುತ್ತಿರಬೇಕು. ಉಪ್ಪು ಗಾಳಿ ಕಡೆಗಣಿಸಿದ್ದನ್ನು ಬಿಡುವುದಿಲ್ಲ.

ಫೆಬ್ರವರಿಯಿಂದ ಮೇವರೆಗೆ ಬೇರೆ ಚಿಂತೆ. ಪದವಿನ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಸೈಲೆನ್ಸರಿನಿಂದ ಒಂದು ಕಿಡಿ ಹಾರಿದರೆ ಇಡೀ ಗುಡ್ಡೆ ಹೊತ್ತಿಕೊಳ್ಳುತ್ತದೆ. ಕಿಡಿ ತಡೆಯುವ ಜಾಲರಿ ಇರುವ ಸೈಲೆನ್ಸರ್ ಹಾಕಿ, ಬಿಸಿ ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಸದ್ದಿನ ಬಗ್ಗೆಯೂ ಯೋಚಿಸಿ. ನಮ್ಮಲ್ಲಿ ಮನೆಗಳು ದೂರ ದೂರ ಇದ್ದರೂ ಗುಡ್ಡೆಯ ಮೇಲಿನ ಸದ್ದು ಬೈಲಿನವರೆಗೂ ಕೇಳುತ್ತದೆ. ಹಟ್ಟಿಯ ದನ ಬೆದರುತ್ತವೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಇಂತಿಷ್ಟೇ ಹೊತ್ತು ಓಡಿಸಿ.

ಘಟ್ಟದ ಬಗ್ಗೆ ಒಂದು ಮಾತು, ಏಕೆಂದರೆ ಆರ್‌ಎಕ್ಸ್ ಇದ್ದವರು ಆಗುಂಬೆಗೆ ಹೋಗದೆ ಇರುವುದಿಲ್ಲ. ಹತ್ತುವಾಗ ತೊಂದರೆ ಇಲ್ಲ. ಸೋಮೇಶ್ವರದ ಕಡೆಗೆ ಆ 14 ತಿರುವು ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರುತ್ತಾ ಬಂದರೆ, ಪೆಟ್ರೋಲಿಗೆ ಬೆರೆಸಿದ ಗಾಡಿಯಲ್ಲಿ ಎಣ್ಣೆಯೂ ನಿಲ್ಲುತ್ತದೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತಿದೆ, ಪಿಸ್ಟನ್ನಿಗೆ ಎಣ್ಣೆ ಇಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ಎಂಜಿನ್ ಆಫ್ ಮಾಡಿ ಇಳಿಯುವುದು ಮಾತ್ರ ಯಾವತ್ತೂ ಬೇಡ.

ಹಳೆಯ ಗಾಡಿ ನೋಡಲು ಹೋದಾಗ

ಮಾರುವವರಿಗೆ ಮೊದಲೇ ಹೇಳಿ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು. ಎಂಜಿನ್ ತಣ್ಣಗಿರಬೇಕು. ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ, ಕಂಪ್ರೆಷನ್ ಇದ್ದರೆ ತಡೆಯುತ್ತದೆ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡಿ. ಆಕ್ಸಿಲರೇಟರ್ ಮುಟ್ಟದೆಯೇ ಆರ್‌ಪಿಎಂ ತಾನಾಗಿ ಏರಿದರೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹೋಗಿರಬಹುದು, ಗಾಳಿ ಎಳೆಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಕಡೆಯ ಸೀಲಿನಿಂದ ಗೇರ್ ಆಯಿಲ್ ಒಳಗೆ ಹೋಗುತ್ತಿರಬಹುದು. ಎರಡಕ್ಕೂ ಸೀಲ್ ಅಗ್ಗ. ಆದರೆ ಕ್ರಾಂಕಿನ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್) ಸದ್ದು ಮಾಡುತ್ತಿದ್ದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ, ಬೆಲೆಯಲ್ಲಿ ಅದನ್ನು ಕಳೆಯಿರಿ.

ಯಾವ ಬೋರಿನ ಪಿಸ್ಟನ್ ಇದೆ ಎಂದು ಕೇಳಿ. ಕೊನೆಯ ಸೈಜಿಗೆ ಬಂದಿದ್ದರೆ ಮುಂದಿನ ಸಲ ಹೊಸ ಸಿಲಿಂಡರ್ ಬ್ಲಾಕ್ ಬೇಕು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಅಕ್ಷರದ ಸುತ್ತ ಉಜ್ಜಿದ ಗುರುತು, ಹೊಸ ಪೇಂಟ್ ಕಂಡರೆ ವಾಪಸ್ ಬನ್ನಿ. ಹಳೆಯ ಆರ್‌ಎಕ್ಸ್‌ಗಳಲ್ಲಿ ಎಂಜಿನ್ ಬದಲಿಸಿದ್ದು ಬಹಳ. ನೋಡಲು ಹೋಗುವ ದಿನ ನಿಮ್ಮ ಮೆಕ್ಯಾನಿಕ್ಕನ್ನೂ ಕರಕೊಂಡು ಹೋಗಿ, ಅವರ ಅರ್ಧ ದಿನದ ಸಂಬಳ ಕೊಟ್ಟೇ ಕರಕೊಂಡು ಹೋಗಿ. ಅವರು ಬೇಡ ಅಂದ ಗಾಡಿಗೆ ಅಡ್ವಾನ್ಸ್ ಕೊಡಬೇಡಿ.